ಬೇರಿಗೆ ಹಚ್ಚುವ ಬಣ್ಣ

ಕೆ.ಆರ್. ಪುರಂ, ಮೊದಲನೇ ಮಹಡಿ,
ಕೆಳಗೆ ಕನ್ನಡಕದಂಗಡಿ.
ಡಾಕ್ಟರು ಚಿತ್ಕಲಾ, ನನ್ನ ಮಗಳಿಗಿಂತ
ಎರಡು ವರ್ಷ ದೊಡ್ಡವರಿರಬಹುದು,
ಟಾರ್ಚು ಬಿಟ್ಟು ನೋಡಿದರು, ಬೆರಳಲ್ಲಿ ಬಗೆದು ನೋಡಿದರು.
"ಯಾವ ಕಾಲದ್ದು ಸರ್ ಇದು?" ಅಂದರು,
ಹೊಲದಲ್ಲಿ ಹಳೇ ಶಾಸನ ಸಿಕ್ಕಿದವರ ಹಾಗೆ.

ಎರಡು ಸಾವಿರದ ಎರಡು. ಮೈಸೂರು.
ಆಗೆಲ್ಲ ಒಂದೊಂದೇ ಕೀಳುತ್ತಿರಲಿಲ್ಲ,
ಹಿಂದಲೆಯಿಂದ ಒಂದು ಪಟ್ಟಿಯನ್ನೇ ಕುಯ್ದು ತೆಗೆದು
ಕಿವಿಯಿಂದ ಕಿವಿಗೆ ಹೊಲಿದು
ಪಟ್ಟಿಯನ್ನು ಚೂರು ಮಾಡಿ ಮುಂದೆ ನೆಟ್ಟರು.
ಬೀಜದಾಲೂಗಡ್ಡೆ ಮಾರುವವನಿಗೆ
ಬಿಡಿಸಿ ಹೇಳಬೇಕಿರಲಿಲ್ಲ:
ಚೂರಿಗೊಂದು ಕಣ್ಣಿದ್ದರೆ ಸಾಕು, ಹುಟ್ಟುತ್ತದೆ.

ಹುಟ್ಟಿತು.
ಮೇ ತಿಂಗಳು ಜಲಂಧರದ ಲೋಡು ಇಳಿಯುವಾಗ
ಎಪಿಎಂಸಿ ಯಾರ್ಡಿನ ತುಂಬ
ಜೇಬಲ್ಲಿ ಬಾಚಣಿಗೆ ಇಟ್ಟುಕೊಂಡು ಓಡಾಡಿದೆ.
ಹಮಾಲಿ ದ್ಯಾವಯ್ಯ ಮೂಟೆ ಹೊತ್ತೇ ನಿಂತು
"ಎಣ್ಣೆ ಯಾವ್ದಣ್ಣ?" ಅಂದ.
ಬಾಯಿಗೆ ಬಂದ ಎಣ್ಣೆಯ ಹೆಸರು ಹೇಳಿದೆ.
ಪಾಪ, ಆರು ತಿಂಗಳು ಅದನ್ನೇ ಹಚ್ಚಿದ.

ನೆಟ್ಟದ್ದು ಉದುರುವುದಿಲ್ಲ ಎಂದಿದ್ದರು. ಸುಳ್ಳಲ್ಲ.
ನೆಡದೆ ಇದ್ದದ್ದು ಉದುರಿತು.
ಬೆಳೆ ಹೋದ ಹೊಲ, ಮುಂದಿನ ಬೇಲಿ ಮಾತ್ರ ಗಟ್ಟಿ.
ಬೈಕಿನಲ್ಲಿ ಹೊರಟರೆ ಅಷ್ಟೂ ಒಟ್ಟಿಗೆ ಏಳುತ್ತದೆ
ಪೆಟ್ಟಿಗೆಯ ಮುಚ್ಚಳದಂತೆ.
ತಂಗಿ ಮಗಳ ಮದುವೆ, ದುದ್ದದ ಛತ್ರ,
ನಾಲ್ವರು ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ.
ಮೂರು ತಲೆಗಳ ಮೇಲೆ ಟ್ಯೂಬ್‌ಲೈಟು
ನೆಮ್ಮದಿಯಾಗಿ ಮಲಗಿತ್ತು.
ಥೇಟ್ ಅಪ್ಪ, ಮೂರು ಸಲ.
ನಾಲ್ಕನೆಯ ಎಲೆಯ ಮುಂದೆ ಬಡಿಸುವ ಹುಡುಗ
ಎರಡು ಸಲ ನೋಡಿ ಪಲ್ಯ ಹಾಕಿದ.

ಅಪ್ಪ ಹೋದದ್ದು ಮರುವರ್ಷದ ಶ್ರಾವಣ.
ಕೆರೆ ಏರಿಯ ಮೇಲೆ ನಿಂಗಯ್ಯ ಕತ್ತಿ ಮಸೆದು ಕೂತಿದ್ದ.
ಇದ್ದ ಹತ್ತೆಳೆಯನ್ನೂ ಅವರು ಮೂವರು ಕೊಟ್ಟರು.
ತಲೆತುಂಬ ಇದ್ದವನು ನಾನೊಬ್ಬ.
"ಹೊಲಿಗೆ ಇದೆ, ಬ್ಲೇಡು ತಾಗಬಾರದಂತೆ" ಅಂದೆ,
ಹನ್ನೊಂದು ತಿಂಗಳ ಹಳೇ ಹೊಲಿಗೆ.
ಯಾರೂ ಏನೂ ಅನ್ನಲಿಲ್ಲ.
ಅವ್ವ ತಲೆ ನೋಡಿದಳು, ಮುಖ ನೋಡಲಿಲ್ಲ.

"ಇದನ್ನ ವಾಪಸ್ ತೆಗೀಬಹುದಾ ಮೇಡಂ?"

ತೆಗೆಯಬಹುದು, ಅಂದರು. ಒಂದೊಂದೇ ಕಿತ್ತು
ಹಿಂದಿನ ಗಾಯದ ಮೇಲೇ ನೆಡಬಹುದು,
ಹಿಡಿದಷ್ಟು ಹಿಡಿಯುತ್ತದೆ.
ಕಿತ್ತಲ್ಲಿ ಚುಕ್ಕೆ ಉಳಿಯಬಹುದು. ಗೆರೆ ಪೂರ್ತಿ ಹೋಗುವುದಿಲ್ಲ.
ಮೊದಲಿನ ತಲೆಯನ್ನು ಯಾರೂ ಕೊಡಲಾರರು.
ಲೇಸರು? ಅದಕ್ಕೆ ಕಪ್ಪು ಬೇಕು ಸರ್,
ಬಿಳಿ ಅದರ ಕಣ್ಣಿಗೆ ಬೀಳುವುದಿಲ್ಲ.
ನಿಮ್ಮದು ಬುಡದಲ್ಲಿ ಪೂರಾ ಬೆಳ್ಳಗಾಗಿದೆ.
"ಬಣ್ಣ ಹಚ್ಕೊಂಡು ಬಂದ್ರೆ?"
ನಕ್ಕರು. "ಬೇರಿಗೆ ಹಚ್ಚೋಕಾಗಲ್ವಲ್ಲ."

ಫೀಸು ಐನೂರು. ಇಳಿದು ಬಂದೆ.
ಗಾಡಿ ಅಲ್ಲೇ ಬಿಟ್ಟು ಕಟ್ಟಿನಕೆರೆ ಮಾರ್ಕೆಟ್ಟಿನವರೆಗೆ ನಡೆದೆ,
ಮಾಮೂಲಿ ಅಂಗಡಿ ದಾಟಿ, ಗೊತ್ತಿಲ್ಲದ ಇನ್ನೊಂದಕ್ಕೆ.
"ಸೊನ್ನೆ ನಂಬರು ಹಾಕಪ್ಪ."
ಹುಡುಗ ಯಂತ್ರ ಓಡಿಸಿದ. ಹಿಂದಕ್ಕೆ ಬಂದವನು ನಿಲ್ಲಿಸಿದ.
"ಎಲ್ಲಿ ಬಿದ್ದಿದ್ರಿ ಸಾರ್?"
ಮೈಸೂರಲ್ಲಿ, ಅಂದೆ.
ಕೈಗನ್ನಡಿ ಹಿಡಿದು ತೋರಿಸಿದ. ನಾನೂ ನೋಡಿದ್ದು ಅವತ್ತೇ.
ಕಿವಿಯಿಂದ ಕಿವಿಗೆ, ಬಾಯಿ ಬಿಡದೆ
ನಗು ತಡೆದವರ ತುಟಿ.

ಇಂದ್ರಾಣಿ ಬಾಗಿಲು ತೆಗೆದವಳು
"ಇನ್ಮೇಲೆ ಬಿಸಿಲಿಗೆ ಟೋಪಿ ಹಾಕ್ಕೊಳಿ" ಎಂದು
ಕುಕ್ಕರು ಇಳಿಸಲು ಹೋದಳು.
ಅಣ್ಣತಮ್ಮಂದಿರ ಗ್ರೂಪಿಗೆ ಫೋಟೋ ಹಾಕಿದೆ.
ಗಂಟೆ ಕಳೆದ ಮೇಲೆ ದೊಡ್ಡಣ್ಣ:
"ಯಾರು ಹೋದ್ರೋ?"
ಅಪ್ಪ, ಎಂದು ಬರೆದು
ಅಳಿಸಿದೆ.

ಮೂರನೇ ಬೆಳಗ್ಗೆ ಮುಖ ತೊಳೆಯುವಾಗ ಕೈ ಹೋಯಿತು.
ನೆತ್ತಿಯೆಲ್ಲ ನುಣುಪು.
ಹಣೆಯ ಮೇಲೆ ಮಾತ್ರ, ಮೈಸೂರಿನವರು
ದಾರ ಹಿಡಿದು ನೆಟ್ಟ ಅದೇ ಸಾಲಿನಲ್ಲಿ,
ಬೆಳ್ಳಗೆ, ಒರಟಾಗಿ,
ಮೊಳಕೆ.